ಗಾಡಿಯ ಒಳಗೆ, ಡಿಕ್ಕಿಯಲ್ಲಿ, ಲೋಡ್ ಬಾಡಿಯಲ್ಲಿ ಎಲ್‌ಇಡಿ: ಬಲ್ಬೋ, ಸ್ಟ್ರಿಪ್ಪೋ, ಮಾಡ್ಯೂಲೋ?

ಕತ್ತಲಾದ ಮೇಲೆ ಓಮ್ನಿ ಅಥವಾ ಈಕೋದ ಹಿಂಬಾಗಿಲು ಎತ್ತಿ ನೋಡಿ. ಮುಂದಿನ ಸೀಟಿನ ತಲೆಯ ಮೇಲಿರುವ ದೀಪದ ಬೆಳಕು ಹಿಂದಿನ ಸೀಟು ದಾಟುವಷ್ಟರಲ್ಲಿ ಸೋತುಹೋಗಿರುತ್ತದೆ. ಸಣ್ಣ ಗೂಡ್ಸ್ ಗಾಡಿಗಳ ಪಾಡು ಇನ್ನೂ ಕಷ್ಟ. ಕ್ಯಾಬಿನ್ನಿನಲ್ಲಿ ಒಂದು ಬಲ್ಬು, ಲೋಡ್ ಬಾಡಿಯಲ್ಲಿ ಏನೂ ಇಲ್ಲ. ಬೆಳಗಿನ ಜಾವ ಮಂಡಿಯಲ್ಲಿ ಟೊಮೆಟೊ ಕ್ರೇಟು ಎಣಿಸುವವರ ಕೈಯಲ್ಲಿ ಮೊಬೈಲ್ ಟಾರ್ಚು ಇರಲೇಬೇಕು.

ಇದನ್ನು ಒಂದು ಭಾನುವಾರದ ಕೆಲಸದಲ್ಲಿ ಸರಿಮಾಡಬಹುದು. ಆದರೆ ಹೆಚ್ಚಿನವರು ಅಂಗಡಿಗೆ ಹೋಗಿ ಮೊದಲು ದೀಪ ಆರಿಸುತ್ತಾರೆ, ಕರೆಂಟ್ ಎಲ್ಲಿಂದ ತೆಗೆಯುವುದು ಎಂದು ಆಮೇಲೆ ಯೋಚಿಸುತ್ತಾರೆ. ಆಗಬೇಕಾದ್ದು ತಿರುಗುಮುರುಗು. ಮನೆಯಲ್ಲಿ ಕೂರಿಸಿದ ದೀಪದ ವ್ಯವಸ್ಥೆ ಕೆಟ್ಟಿದೆ ಎಂದು ಬರುವ ಗಾಡಿಗಳಲ್ಲಿ ಎಲ್‌ಇಡಿ ತಾನಾಗಿ ಸತ್ತಿರುವುದು ಕಡಿಮೆ. ಅರ್ಥ್ (ಮೈನಸ್ಸನ್ನು ಗಾಡಿಯ ಲೋಹದ ಬಾಡಿಗೆ ಕೂಡಿಸುವ ಜಾಗ) ಸಡಿಲ, ಫ್ಯೂಸ್ ಇಲ್ಲ, ವೈರು ತೆಳು, ಸ್ವಿಚ್ಚು ತಪ್ಪು ಬದಿಯಲ್ಲಿ: ಹುಡುಕಿದರೆ ಸಿಗುವುದು ಇವೇ. ಹಾಗಾಗಿ ಇಲ್ಲಿ ದೀಪಗಳನ್ನು ಹೋಲಿಸುವಷ್ಟೇ ಗಮನ ಕೊಟ್ಟು ಕರೆಂಟಿನ ಮೂಲ ಮತ್ತು ಸ್ವಿಚ್ಚುಗಳನ್ನೂ ಹೋಲಿಸಿದ್ದೇವೆ.

12 ವೋಲ್ಟಿನ ಗಾಡಿಯಲ್ಲಿ 12 ವೋಲ್ಟ್ ಇರುವುದು ಅಪರೂಪ

ಪೂರ್ತಿ ಚಾರ್ಜ್ ಆದ ಬ್ಯಾಟರಿ ಎಂಜಿನ್ ನಿಂತಿರುವಾಗ 12.6 ವೋಲ್ಟ್ ತೋರಿಸುತ್ತದೆ. ಎಂಜಿನ್ ಚಾಲೂ ಆದರೆ ಆಲ್ಟರ್ನೇಟರ್ ಅದನ್ನು 13.8ರಿಂದ 14.4ರವರೆಗೆ ಏರಿಸುತ್ತದೆ. ಈ ಎರಡು ವೋಲ್ಟಿನ ವ್ಯತ್ಯಾಸ ಹಳೆಯ ಬಲ್ಬಿಗೆ ಲೆಕ್ಕಕ್ಕಿಲ್ಲ, ಎಲ್‌ಇಡಿ ಸ್ಟ್ರಿಪ್ಪಿಗೆ ಬಹಳ ದೊಡ್ಡದು.

ಕಾರಣ ಇಷ್ಟು. ಸಾಮಾನ್ಯ 12 ವೋಲ್ಟ್ ಸ್ಟ್ರಿಪ್ಪಿನಲ್ಲಿ ಮೂರು ಮೂರು ಎಲ್‌ಇಡಿಗಳ ಗುಂಪು ಇರುತ್ತದೆ, ಪ್ರತಿ ಗುಂಪಿಗೂ ಒಂದು ರೆಸಿಸ್ಟರ್, ಅಂದರೆ ಕರೆಂಟಿಗೆ ತಡೆ ಒಡ್ಡುವ ಬಿಡಿಭಾಗ. ಬಿಳಿ ಎಲ್‌ಇಡಿ ಒಂದಕ್ಕೆ ಸುಮಾರು 3.1 ವೋಲ್ಟ್ ಬೇಕು, ಮೂರಕ್ಕೆ 9.3. 12 ವೋಲ್ಟ್ ಕೊಟ್ಟರೆ ರೆಸಿಸ್ಟರಿನ ಪಾಲಿಗೆ 2.7 ವೋಲ್ಟ್ ಉಳಿಯುತ್ತದೆ. 14.2 ಕೊಟ್ಟರೆ 4.9 ಉಳಿಯುತ್ತದೆ. ಗುಂಪಿನಲ್ಲಿ ಹರಿಯುವ ಕರೆಂಟನ್ನು ತೀರ್ಮಾನಿಸುವುದು ಆ ಉಳಿಕೆಯೇ. ಹೀಗಾಗಿ ಎಂಜಿನ್ ಓಡುವಾಗ ಸ್ಟ್ರಿಪ್ಪು ತನ್ನ ಲೆಕ್ಕಕ್ಕಿಂತ ಒಂದೂವರೆ ಪಟ್ಟಿಗೂ ಹೆಚ್ಚು ಕರೆಂಟ್ ಎಳೆಯುತ್ತದೆ. ಮೊದಲ ತಿಂಗಳು ಕಣ್ಣು ಕೋರೈಸುವ ಸ್ಟ್ರಿಪ್ಪು ನಾಲ್ಕನೇ ತಿಂಗಳಲ್ಲಿ ಮೂರು ಮೂರರಂತೆ ಸಾಯತೊಡಗುವುದು ಈ ಕಾರಣಕ್ಕೆ.

ಪರಿಹಾರ ಎರಡಿವೆ. ಪಾಸಿಟಿವ್ ವೈರಿನಲ್ಲಿ 6 ಆಂಪಿಯರಿನ ಎರಡು ರೆಕ್ಟಿಫೈಯರ್ ಡಯೋಡುಗಳನ್ನು (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಒಂದರ ಹಿಂದೆ ಒಂದು ಬೆಸೆದರೆ ಒಂದೂವರೆ ವೋಲ್ಟಿನಷ್ಟು ಇಳಿಯುತ್ತದೆ. 2 ಆಂಪಿಯರ್ ಹರಿಯುವಾಗ ಒಂದೊಂದು ಡಯೋಡೂ ಒಂದೂವರೆ ವ್ಯಾಟಿಗಿಂತ ಹೆಚ್ಚು ಶಾಖ ಬಿಡುತ್ತದೆ. ಅದನ್ನು ಬಟ್ಟೆಯ ಲೈನಿಂಗಿಗೆ ತಾಗಿಸದೆ ಲೋಹದ ಪಕ್ಕದಲ್ಲಿ, ಗಾಳಿ ಆಡುವಂತೆ ಇಡಿ. ಎರಡನೆಯದು, ವೋಲ್ಟೇಜ್ ಇಳಿಸುವ ಸಣ್ಣ ಡಿಸಿ ಕನ್ವರ್ಟರ್ ಮಾಡ್ಯೂಲು ಹಾಕಿ ಔಟ್‌ಪುಟ್ಟನ್ನು 11.5 ವೋಲ್ಟಿಗೆ ಕೂರಿಸುವುದು. ಬೆಳಕು ತುಸು ಕಡಿಮೆಯಾಗುತ್ತದೆ, ಕಣ್ಣಿಗೆ ಗೊತ್ತಾಗುವುದಿಲ್ಲ, ಸ್ಟ್ರಿಪ್ಪಿನ ಆಯಸ್ಸು ಬಹಳ ಹೆಚ್ಚುತ್ತದೆ. ಕಳಪೆ ಕನ್ವರ್ಟರುಗಳು ಎಫ್‌ಎಂ ರೇಡಿಯೊದಲ್ಲಿ ಕಿರ್ ಎನ್ನಿಸುತ್ತವೆ. ಆಂಟೆನಾ ವೈರಿನಿಂದ ಒಂದೆರಡು ಅಡಿ ದೂರ ಇಡಿ.

ದೀಪದ ಆಯ್ಕೆಗಳು

*ಬಲ್ಬು ಮಾತ್ರ ಬದಲಿಸುವುದು.* ವೈರಿಂಗಿಗೆ ಕೈ ಹಚ್ಚದ ಸುಲಭ ದಾರಿ. ಕ್ಯಾಬಿನ್ ದೀಪದ ಮುಚ್ಚಳ ತೆಗೆದರೆ ಎರಡೂ ತುದಿ ಚೂಪಾಗಿರುವ ಫೆಸ್ಟೂನ್ ಬಲ್ಬು ಇರುತ್ತದೆ, ಇಲ್ಲವೇ ಗಾಜಿನ ಬುಡದ ಟಿ10 ಬಲ್ಬು. ಫೆಸ್ಟೂನಿನ ಉದ್ದ ಅಳೆದುಕೊಂಡೇ ಅಂಗಡಿಗೆ ಹೋಗಿ. 31, 36, 39, 41 ಎಂಎಂ ಹೀಗೆ ಅಳತೆಗಳಿವೆ, ತುದಿಯಿಂದ ತುದಿಗೆ. 36ರ ಜಾಗಕ್ಕೆ 31 ತಂದು ಕ್ಲಿಪ್ಪು ಬಗ್ಗಿಸಿ ಕೂರಿಸಿದರೆ ಮೊದಲ ಹಂಪಿನಲ್ಲೇ ಆರುತ್ತದೆ.

5 ವ್ಯಾಟಿನ ಮೂಲ ಬಲ್ಬು ಕೊಡುವುದು 45–50 ಲ್ಯುಮೆನ್ ಬೆಳಕು. ಒಂದೂವರೆ ವ್ಯಾಟಿನ ಒಳ್ಳೆಯ ಎಲ್‌ಇಡಿ ಅದರ ಎರಡು ಪಟ್ಟು ಕೊಡುತ್ತದೆ. 2–3 ವ್ಯಾಟಿಗಿಂತ ಮೇಲಕ್ಕೆ ಹೋಗಬೇಡಿ. ಮುಚ್ಚಿದ ಪ್ಲಾಸ್ಟಿಕ್ ಗೂಡಿನೊಳಗೆ ಶಾಖಕ್ಕೆ ಹೊರಗೆ ಹೋಗುವ ದಾರಿ ಇಲ್ಲ. ಅಂಗಡಿಯವರು ತೋರಿಸುವ ‘48 ಚಿಪ್ಪು’ಗಳ ಹಳದಿ ಫಲಕಗಳು ಮೊದಲ ದಿನ ಬೆರಗು ಹುಟ್ಟಿಸುತ್ತವೆ. ಬೇಸಿಗೆಯಲ್ಲಿ ಅಂಟು ಬಿಟ್ಟು ಒಳಗೇ ಬೀಳುತ್ತವೆ, ಲೋಹದ ಬೆನ್ನು ಕ್ಲಿಪ್ಪಿಗೆ ತಾಗಿದರೆ ಫ್ಯೂಸ್ ಹಾರಿಸುತ್ತವೆ. ‘ಕ್ಯಾನ್‌ಬಸ್’ ಎಂದು ಬರೆದ ಬಲ್ಬುಗಳ ಒಳಗೆ ಸುಮ್ಮನೆ ಕರೆಂಟ್ ತಿನ್ನುವ ರೆಸಿಸ್ಟರ್ ಇರುತ್ತದೆ. ಬಲ್ಬು ಸುಟ್ಟಿದೆಯೇ ಎಂದು ಗಾಡಿಯ ಕಂಪ್ಯೂಟರು ಪರೀಕ್ಷಿಸುವ ಕಡೆ ಮಾತ್ರ ಅದಕ್ಕೆ ಕೆಲಸ. ಒಳದೀಪಕ್ಕೆ ಅದು ಬರೀ ಬಿಸಿ.

ಹಾಕಿದ ಮೇಲೆ ಹತ್ತದಿದ್ದರೆ ಬಲ್ಬನ್ನು ತಿರುಗಿಸಿ ಹಾಕಿ. ಎಲ್‌ಇಡಿಗೆ ಪ್ಲಸ್ ಮೈನಸ್ ಉಂಟು, ಹಳೆಯದಕ್ಕೆ ಇರಲಿಲ್ಲ. ಬಾಗಿಲು ಮುಚ್ಚಿ ಗಂಟೆ ಕಳೆದರೂ ಮಿಣುಕುತ್ತಿದ್ದರೆ ಬಲ್ಬಿನ ದೋಷವಲ್ಲ. ಹೊಸ ಕಾರುಗಳಲ್ಲಿ ದೀಪವನ್ನು ಆಳುವ ಬಾಡಿ ಕಂಟ್ರೋಲ್ ಮಾಡ್ಯೂಲಿನಿಂದ ಜಿನುಗುವ ಕೆಲವೇ ಮಿಲಿಆಂಪಿಯರ್ ಎಲ್‌ಇಡಿಗೆ ಸಾಕಾಗಿಬಿಡುತ್ತದೆ. ಬಲ್ಬಿಗೆ ಸಮಾಂತರವಾಗಿ 1 ಕಿಲೋಓಮ್, ಅರ್ಧ ವ್ಯಾಟಿನ ರೆಸಿಸ್ಟರ್ ಹಾಕಿದರೆ ಸಾಮಾನ್ಯವಾಗಿ ನಿಲ್ಲುತ್ತದೆ.

*ಸ್ಟ್ರಿಪ್.* ಡಿಕ್ಕಿಯ ಅಂಚು, ಸೀಟಿನ ಕೆಳಗೆ, ಹಿಂಬಾಗಿಲ ಚೌಕಟ್ಟು, ಎಲ್ಲಿ ಬೇಕಾದರೂ ಹೋಗುತ್ತದೆ, ನೆರಳು ಬೀಳದಂತೆ ಬೆಳಕು ಹರಡುತ್ತದೆ. ಕೊಳ್ಳುವಾಗ ಮೀಟರಿಗೆ ಎಷ್ಟು ವ್ಯಾಟ್ ಎಂದು ಕೇಳಿ. 5050 ಎಂಬ ದೊಡ್ಡ ಚಿಪ್ಪಿನ, ಮೀಟರಿಗೆ 60 ಎಲ್‌ಇಡಿಯ ಸ್ಟ್ರಿಪ್ಪು 14.4 ವ್ಯಾಟ್, ಅಂದರೆ 1.2 ಆಂಪಿಯರ್ ತಿನ್ನುತ್ತದೆ. ಸಣ್ಣ ಚಿಪ್ಪಿನದು 4.8 ವ್ಯಾಟಿಗೇ ಸಿಗುತ್ತದೆ. ಕಾರಿನ ಡಿಕ್ಕಿಗೆ 4.8 ವ್ಯಾಟಿನದು ಒಂದು ಮೀಟರ್ ಧಾರಾಳ ಸಾಕು. 5 ಮೀಟರಿನ ಪೂರ್ತಿ ರೋಲು ಸುತ್ತಿದ ಗಾಡಿಗಳನ್ನು ನೋಡುತ್ತೇವೆ, ಅಲ್ಲಿ ಸಾಮಾನು ಹುಡುಕುವವರ ಕಣ್ಣೇ ಕುಕ್ಕುತ್ತದೆ. ಚುಕ್ಕೆ ಚುಕ್ಕೆ ಕಾಣದೆ ಒಂದೇ ಗೆರೆಯಂತೆ ಬೆಳಗುವ ಸಿಒಬಿ ಸ್ಟ್ರಿಪ್ಪು ಕ್ಯಾಬಿನ್ನಿಗೆ ಅಂದ, ಆದರೆ ಪದೇ ಪದೇ ಮಡಚಿದರೆ ಒಳಗಿನ ಚಿಪ್ಪಿನ ಸಂಪರ್ಕ ಹರಿಯುತ್ತದೆ.

ಕತ್ತರಿಸುವುದು ಗುರುತಿನ ಗೆರೆಯಲ್ಲಿ ಮಾತ್ರ. ಮೀಟರಿಗೆ 60ರ ಸ್ಟ್ರಿಪ್ಪಿನಲ್ಲಿ ಪ್ರತಿ 5 ಸೆಂಟಿಮೀಟರಿಗೆ ಒಂದು ಗೆರೆ ಇರುತ್ತದೆ. ಜೋಡಿಸಲು ಕ್ಲಿಪ್ ಕನೆಕ್ಟರ್ ಬಳಸಬೇಡಿ. ಷೋಕೇಸಿಗೆ ಅದು ಸರಿ, ಗಾಡಿಯ ಅದುರಾಟದಲ್ಲಿ ಎರಡು ತಿಂಗಳಿಗೆ ಸಡಿಲವಾಗಿ ಮಿಟುಕತೊಡಗುತ್ತದೆ. ಬೆಸುಗೆಯೇ ಬೇಕು. ಕಾವು 320 ಡಿಗ್ರಿ ಆಸುಪಾಸು, ತಾಮ್ರದ ಬಿಲ್ಲೆಯ ಮೇಲೆ ಎರಡು ಸೆಕೆಂಡಿಗಿಂತ ಹೆಚ್ಚು ಕಬ್ಬಿಣ ಒತ್ತಬೇಡಿ, ಬಿಲ್ಲೆ ಎದ್ದು ಬರುತ್ತದೆ. ಬೆಸೆದ ಮೇಲೆ ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ಹೀಟ್ ಶ್ರಿಂಕ್ ಟ್ಯೂಬು ಹಾಕಿ, ಅಲ್ಲಿಂದ ಒಂದಿಂಚು ದೂರದಲ್ಲಿ ವೈರನ್ನು ಬಾಡಿಗೆ ಕಟ್ಟಿ. ವೈರು ಅಲುಗುತ್ತಿದ್ದರೆ ಬೆಸುಗೆ ಮುಗಿಯುವ ಅಂಚಿನಲ್ಲೇ ತುಂಡಾಗುತ್ತದೆ.

*ಮಾಡ್ಯೂಲ್.* ಅಂಗಡಿ ಬೋರ್ಡುಗಳ ಅಕ್ಷರಗಳ ಒಳಗೆ ಕೂರಿಸುವ ಮೂರು ಎಲ್‌ಇಡಿಯ ಸಣ್ಣ ಪ್ಲಾಸ್ಟಿಕ್ ತುಂಡುಗಳಿವೆಯಲ್ಲ, ಅವು. ಇಪ್ಪತ್ತು ತುಂಡು ಒಂದೇ ಸರದಲ್ಲಿ ಬರುತ್ತವೆ, ನಡುವೆ ವೈರು ಇರುತ್ತದೆ, ಬೇಕಾದಷ್ಟಕ್ಕೆ ಕತ್ತರಿಸಿಕೊಳ್ಳಬಹುದು. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ, ಜಿಲ್ಲಾ ಕೇಂದ್ರಗಳಲ್ಲಿ ಎಲ್‌ಇಡಿ ಬೋರ್ಡ್ ಮಾಡುವವರ ಬಳಿ ಸಿಗುತ್ತವೆ. ಗೂಡ್ಸ್ ಗಾಡಿಯ ಲೋಡ್ ಬಾಡಿಗೆ ನಮ್ಮ ಮೊದಲ ಆಯ್ಕೆ ಇದೇ. ಸುತ್ತಲೂ ಪ್ಲಾಸ್ಟಿಕ್ ತುಂಬಿ ಅಚ್ಚು ಹೊಯ್ದಿರುವುದರಿಂದ ನೀರು ಹೊಗುವುದಿಲ್ಲ. ಎರಡು ಬದಿಯಲ್ಲಿ ತೂತಿರುವುದರಿಂದ ಅಂಟನ್ನು ನಂಬಬೇಕಿಲ್ಲ, ರಿವೆಟ್ಟೋ ಸ್ಕ್ರೂವೋ ಹೊಡೆಯಬಹುದು. ಕ್ರೇಟು ಬಡಿದು ಒಂದು ಒಡೆದರೆ ಅದೊಂದನ್ನೇ ಕತ್ತರಿಸಿ ಬದಲಿಸಿದರಾಯಿತು. ಸ್ಟ್ರಿಪ್ಪಿಗೆ ಪೆಟ್ಟು ಬಿದ್ದರೆ ಅಲ್ಲಿಂದ ಮುಂದಿನ ಇಡೀ ಉದ್ದ ಕತ್ತಲಾಗಬಹುದು.

1.2 ವ್ಯಾಟಿನ 12 ಮಾಡ್ಯೂಲು, ಎರಡು ಸಾಲು, ಸಾಲಿಗೆ ಆರು: ಏಳಡಿ ಉದ್ದದ ಮುಚ್ಚಿದ ಕಂಟೇನರಿಗೆ ಇಷ್ಟು ಸಾಕು. ಒಟ್ಟು 14.4 ವ್ಯಾಟ್, 1.2 ಆಂಪಿಯರ್. ‘ಕಾನ್‌ಸ್ಟಂಟ್ ಕರೆಂಟ್’ ಎಂದು ಬರೆದಿರುವುದನ್ನೇ ಕೇಳಿ ಪಡೆಯಿರಿ. ಅದರೊಳಗಿನ ಐಸಿ (ಸಣ್ಣ ನಿಯಂತ್ರಕ ಚಿಪ್ಪು) ಕರೆಂಟನ್ನು ಹಿಡಿದಿಡುವುದರಿಂದ ಮೇಲೆ ಹೇಳಿದ 14 ವೋಲ್ಟಿನ ಕಾಟ ಬಹುಪಾಲು ತಪ್ಪುತ್ತದೆ. ಇಪ್ಪತ್ತರ ಸರಕ್ಕೆ ಇನ್ನೊಂದು ಸರವನ್ನು ಬಾಲದಂತೆ ಜೋಡಿಸಬೇಡಿ. ನಡುವಿನ ವೈರು ತೆಳು, ಕೊನೆಯವು ಮಂಕಾಗುತ್ತವೆ. ಎರಡು ಸರ ಬೇಕಿದ್ದರೆ ಎರಡಕ್ಕೂ ಬೇರೆ ಬೇರೆ ವೈರು ಎಳೆಯಿರಿ.

*ಸಿದ್ಧ ರೂಫ್ ಲೈಟು.* ಬಸ್ಸು, ಟೆಂಪೊ ಬಾಡಿ ಕಟ್ಟುವವರು ಹಾಕುವ ಗುಂಡು ಅಥವಾ ಉದ್ದನೆಯ ಫಿಟ್ಟಿಂಗು. ದುಬಾರಿ, ಆದರೆ 10ರಿಂದ 30 ವೋಲ್ಟ್ ಎಂದು ಬರೆದಿರುವ ಮಾದರಿ ತೆಗೆದುಕೊಂಡರೆ ಒಳಗೆ ಕರೆಂಟನ್ನು ನಿಯಂತ್ರಿಸುವ ಡ್ರೈವರ್ ಸರ್ಕ್ಯೂಟು ಇರುತ್ತದೆ, ವೋಲ್ಟೇಜಿನ ಯೋಚನೆ ಬೇಡ. ಬೆಸುಗೆ ಬಾರದವರಿಗೆ, 24 ವೋಲ್ಟಿನ ಲಾರಿಗೆ ಇದೇ ಸೂಕ್ತ.

*ಚಾರ್ಜ್ ಮಾಡುವ ಮ್ಯಾಗ್ನೆಟ್ ದೀಪ.* ಬಾಡಿಗೆ ಗಾಡಿಗೆ, ವಾರಂಟಿ ಮುಗಿಯದ ಹೊಸ ಕಾರಿಗೆ ಒಳ್ಳೆಯದು. ಆದರೆ ಬಿಸಿಲಲ್ಲಿ ನಿಂತ ಕಾರಿನೊಳಗೆ ಕಾವು 60 ಡಿಗ್ರಿ ದಾಟುವುದುಂಟು, ಲಿಥಿಯಂ ಸೆಲ್ಲಿಗೆ ಅದು ಒಗ್ಗುವುದಿಲ್ಲ. ಹಗಲು ತೆಗೆದು ಮನೆಯೊಳಗೆ ಇಡುವ ಅಭ್ಯಾಸವಿದ್ದರೆ ಮಾತ್ರ ಕೊಳ್ಳಿ.

ಬಣ್ಣದ ವಿಷಯ. ಬೆಳಕಿನ ಬಣ್ಣವನ್ನು ಕೆಲ್ವಿನ್ನಿನಲ್ಲಿ ಹೇಳುತ್ತಾರೆ, ಅಂಕಿ ಏರಿದಷ್ಟೂ ನೀಲಿಬಿಳಿ, ಇಳಿದಷ್ಟೂ ಹಳದಿ. 6500 ಕೆಲ್ವಿನ್ನಿನ ಹಾಲುಬಿಳಿ ಅಂಗಡಿಯಲ್ಲಿ ಹೆಚ್ಚು ಪ್ರಕಾಶವಾಗಿ ಕಾಣುತ್ತದೆ, ಅದಕ್ಕೇ ಎಲ್ಲರೂ ಅದನ್ನೇ ಒಯ್ಯುತ್ತಾರೆ. ಕ್ಯಾಬಿನ್ನಿಗೆ 4000 ಕೆಲ್ವಿನ್ ಹಿತ. ಹಣ್ಣು ತರಕಾರಿ ವಿಂಗಡಿಸುವ ಗಾಡಿಯಾದರೆ ಸಿಆರ್‌ಐ (ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಎಂಬ ಅಂಕಿ) 80ಕ್ಕಿಂತ ಹೆಚ್ಚಿರುವುದನ್ನು ಹುಡುಕಿ. ಕಡಿಮೆ ದರ್ಜೆಯ ನೀಲಿಮಿಶ್ರ ಬಿಳಿಯಲ್ಲಿ ಟೊಮೆಟೊದ ಕಾಯಿ, ದೋರೆ, ಹಣ್ಣು ಗುರುತಿಸುವುದು ಕಷ್ಟ. ಮಳೆಗಾಲದ ಮೊದಲಲ್ಲಿ ರೆಕ್ಕೆ ಹುಳುಗಳ ಕಾಟವಿರುವ ಕಡೆ ತೆರೆದ ಬಾಡಿಗೆ 3000 ಕೆಲ್ವಿನ್ನಿನ ಹಳದಿ ಬೆಳಕು ಹಾಕಿ, ಹುಳು ಕಡಿಮೆ ಬರುತ್ತದೆ.

ಕರೆಂಟ್ ಎಲ್ಲಿಂದ?

ಎಲ್ಲಕ್ಕಿಂತ ಹತ್ತಿರದ್ದು ಇರುವ ಕ್ಯಾಬಿನ್ ದೀಪದ ವೈರು. ಬಾಗಿಲು ತೆಗೆದರೆ ಹೊಸ ದೀಪವೂ ತಾನಾಗಿ ಹತ್ತುತ್ತದೆ. ಇಲ್ಲಿ ಮುಕ್ಕಾಲು ಪಾಲು ಜನ ಒಂದೇ ತಪ್ಪು ಮಾಡುತ್ತಾರೆ. ಬಹಳಷ್ಟು ಗಾಡಿಗಳಲ್ಲಿ ಆ ದೀಪಕ್ಕೆ ಪಾಸಿಟಿವ್ ಸದಾ ಇರುತ್ತದೆ, ಬಾಗಿಲ ಸ್ವಿಚ್ಚು ಕೂಡಿಸುವುದು ಬಿಡಿಸುವುದು ಮೈನಸ್ಸನ್ನು. ಹೊಸ ಸ್ಟ್ರಿಪ್ಪಿನ ಪ್ಲಸ್ಸನ್ನು ಅಲ್ಲಿಗೆ, ಮೈನಸ್ಸನ್ನು ಬಾಡಿ ಅರ್ಥಿಗೆ ಕೊಟ್ಟರೆ ಅದು ಆರುವುದೇ ಇಲ್ಲ. ಮೈನಸ್ಸನ್ನು ಬಾಗಿಲ ಸ್ವಿಚ್ಚಿನಿಂದ ಬರುವ ವೈರಿಗೇ ಸೇರಿಸಬೇಕು. ಮಲ್ಟಿಮೀಟರಿನ ಕಪ್ಪು ಕಡ್ಡಿಯನ್ನು ಬಾಡಿಗೆ ಇಟ್ಟು, ಬಾಗಿಲು ಮುಚ್ಚಿದಾಗ ಮತ್ತು ತೆರೆದಾಗ ಎರಡೂ ವೈರು ಪರೀಕ್ಷಿಸಿ. ಎರಡೂ ಸಲ 12 ತೋರಿಸುವುದು ಪ್ಲಸ್ಸು. ತೆರೆದಾಗ ಸೊನ್ನೆಗೆ ಇಳಿಯುವುದು ಸ್ವಿಚ್ಚಿನ ವೈರು.

ಈ ದಾರಿ 10 ವ್ಯಾಟಿನೊಳಗಿನ ಹೊರೆಗೆ ಮಾತ್ರ. ಬಾಡಿ ಕಂಟ್ರೋಲ್ ಮಾಡ್ಯೂಲಿರುವ ಹೊಸ ಕಾರುಗಳಲ್ಲಿ ಅಷ್ಟೂ ಬೇಡ. ಆ ಮಾಡ್ಯೂಲಿನ ಔಟ್‌ಪುಟ್ಟು ಒಂದು ಬಲ್ಬಿನ ಲೆಕ್ಕಕ್ಕೆ ಮಾಡಿದ್ದು, ಸುಟ್ಟರೆ ದೀಪವೊಂದೇ ಅಲ್ಲ, ಸೆಂಟ್ರಲ್ ಲಾಕಿನಿಂದ ಹಿಡಿದು ಹಲವು ಕೆಲಸ ಕೈಕೊಡುತ್ತವೆ. ಅಲ್ಲಿ ಆ ವೈರಿನಿಂದ ರಿಲೇಯ (ಸಣ್ಣ ಕರೆಂಟಿನಿಂದ ಬೇರೆ ಮೂಲದ ದೊಡ್ಡ ಕರೆಂಟನ್ನು ಕೂಡಿಸುವ ಸ್ವಿಚ್ಚು) ಕಾಯಿಲನ್ನು ಮಾತ್ರ ಓಡಿಸಿ, ಕಾಯಿಲಿಗೆ ಅಡ್ಡಲಾಗಿ ಒಂದು 1ಎನ್4007 ಡಯೋಡ್ ಹಾಕಿ. ರಿಲೇ ಬಿಡುವ ಕ್ಷಣದಲ್ಲಿ ಕಾಯಿಲು ಹಿಂದಕ್ಕೆ ಒದೆಯುವ ವೋಲ್ಟೇಜನ್ನು ಡಯೋಡು ನುಂಗಿಕೊಳ್ಳುತ್ತದೆ. ಡಯೋಡಿನ ಬೆಳ್ಳಿ ಗೆರೆ ಪ್ಲಸ್ ಕಡೆಗಿರಲಿ.

ಫ್ಯೂಸ್ ಬಾಕ್ಸಿನಿಂದ ‘ಆಡ್ ಎ ಫ್ಯೂಸ್’ ಎಂಬ ಕವಲು ಹಾಕುವುದು ಕಾರಿಗೆ ನಾವು ಹೇಳುವ ದಾರಿ. ವೈರು ಕತ್ತರಿಸುವುದಿಲ್ಲ, ಸರ್ವಿಸಿಗೆ ಬಿಡುವ ಮುನ್ನ ಕಿತ್ತಿಟ್ಟುಕೊಳ್ಳಬಹುದು. ಫ್ಯೂಸಿನ ಗಾತ್ರ ನೋಡಿ ಕೊಳ್ಳಿ. ಮಿನಿ, ಲೋ ಪ್ರೊಫೈಲ್, ಮೈಕ್ರೊ ಒಂದರ ಜಾಗದಲ್ಲಿ ಒಂದು ಕೂರುವುದಿಲ್ಲ. ಹಳೆಯ ಫ್ಯೂಸು ಕೆಳಗಿನ ಗೂಡಿಗೆ, ಹೊಸದು ಮೇಲಿನ ಗೂಡಿಗೆ. ಕವಲನ್ನು ಯಾವ ಮುಖವಾಗಿ ಒತ್ತುತ್ತೀರಿ ಎಂಬುದೂ ಮುಖ್ಯ. ಮೊದಲು ಫ್ಯೂಸ್ ಕಿತ್ತು ಟೆಸ್ಟ್ ಲ್ಯಾಂಪಿನಿಂದ ಎರಡೂ ಸಂದು ಮುಟ್ಟಿ, ಕರೆಂಟ್ ಬರುವ ಸಂದು ಗುರುತಿಸಿ. ಎರಡೂ ಫ್ಯೂಸಿಗೆ ಸಾಮಾನ್ಯವಾಗಿರುವ ಕಾಲು ಆ ಸಂದಿಗೆ ಹೋಗಬೇಕು. ತಿರುಗಿಸಿ ಹಾಕಿದರೆ ದೀಪವೇನೋ ಹತ್ತುತ್ತದೆ, ಆದರೆ ಎರಡೂ ಹೊರೆ ಹಳೆಯ ಫ್ಯೂಸಿನ ಮೂಲಕವೇ ಹಾಯುತ್ತದೆ. ಏರ್‌ಬ್ಯಾಗ್, ಎಬಿಎಸ್, ಎಂಜಿನ್ ಕಂಪ್ಯೂಟರಿನ ಫ್ಯೂಸುಗಳ ತಂಟೆಗೆ ಹೋಗಬೇಡಿ. ಸಿಗರೇಟ್ ಲೈಟರ್ ಸಾಕೆಟ್ಟು ಅಥವಾ ಸ್ಟೀರಿಯೊದ ಫ್ಯೂಸು ಹಿಡಿಯಿರಿ.

ವೈರನ್ನು ಕತ್ತರಿಸದೆ ಇಕ್ಕಳದಿಂದ ಅದುಮಿ ಕವಲು ತೆಗೆಯುವ ನೀಲಿ, ಕೆಂಪು ಕ್ಲಿಪ್ಪುಗಳು ಅಂಗಡಿಯಲ್ಲಿ ಕಣ್ಣಿಗೆ ಬೀಳುತ್ತವೆ. ಒಳಗಿನ ತಗಡು ತಾಮ್ರದ ಒಂದೆರಡು ಎಳೆ ಕತ್ತರಿಸಿಯೇ ಕೂರುತ್ತದೆ, ತೇವ ಹೊಕ್ಕರೆ ಹಸಿರುಗಟ್ಟುತ್ತದೆ. ಕರಾವಳಿ, ಮಲೆನಾಡಿನ ಗಾಡಿಗಳಲ್ಲಂತೂ ಬೇಡವೇ ಬೇಡ.

ಮೂರನೆಯದು ಬ್ಯಾಟರಿಯಿಂದ ನೇರ ಲೈನು. ಲೋಡ್ ಬಾಡಿಗೆ ಇದೇ ಸರಿ. ಹಲವು ಸಣ್ಣ ಗೂಡ್ಸ್ ಗಾಡಿಗಳಲ್ಲಿ ಬ್ಯಾಟರಿ ಚಾಸಿಸ್ಸಿನ ಪಕ್ಕದಲ್ಲೇ ಇರುವುದರಿಂದ ದೂರವೂ ಕಡಿಮೆ. ಶರತ್ತು ಒಂದೇ: ಪ್ಲಸ್ ಟರ್ಮಿನಲ್ಲಿನಿಂದ ಒಂದು ಗೇಣಿನೊಳಗೆ ಫ್ಯೂಸ್ ಇರಬೇಕು. ದೀಪದ ಹತ್ತಿರ ಹಾಕಿದ ಫ್ಯೂಸು ದೀಪವನ್ನಷ್ಟೇ ಕಾಯುತ್ತದೆ. ಬ್ಯಾಟರಿಗೂ ಫ್ಯೂಸಿಗೂ ನಡುವೆ ವೈರಿನ ಸಿಪ್ಪೆ ಸವೆದು ಚಾಸಿಸ್ಸಿಗೆ ತಾಗಿದರೆ ನೂರಾರು ಆಂಪಿಯರ್ ಹರಿದು ವೈರು ಕೆಂಪಗೆ ಕಾಯುತ್ತದೆ. ಗಾಡಿ ಸುಡಲು ಅಷ್ಟೇ ಸಾಕು. 1.2 ಆಂಪಿಯರಿನ ಹೊರೆಗೆ ನೇರಳೆ ಬಣ್ಣದ 3 ಆಂಪಿಯರ್ ಫ್ಯೂಸು, 2ರಿಂದ 3 ಆಂಪಿಯರಿಗೆ ನಸುಗಂದಿನ 5. ಫ್ಯೂಸು ಪದೇ ಪದೇ ಹಾರುತ್ತಿದ್ದರೆ ದೊಡ್ಡದನ್ನು ಹಾಕಬೇಡಿ, ಎಲ್ಲಿ ತಾಗುತ್ತಿದೆ ಹುಡುಕಿ.

24 ವೋಲ್ಟಿನ ಲಾರಿಗಳಲ್ಲಿ ಇನ್ನೊಂದು ಚಾಳಿ ಇದೆ. ಎರಡು ಬ್ಯಾಟರಿಯಲ್ಲಿ ಒಂದರಿಂದ ಮಾತ್ರ 12 ವೋಲ್ಟ್ ಎಳೆದುಕೊಳ್ಳುವುದು. ದೀಪ ಹತ್ತುತ್ತದೆ. ಆದರೆ ಆ ಒಂದು ಬ್ಯಾಟರಿ ದಿನವೂ ಅರೆಹೊಟ್ಟೆ, ಜೋಡಿಯದು ಅತಿ ಚಾರ್ಜು. ಎರಡೂ ಅವಧಿಗೆ ಮುನ್ನ ಹೋಗುತ್ತವೆ. 24 ವೋಲ್ಟಿನ ದೀಪ ಹಾಕಿ, ಇಲ್ಲವೇ 24ರಿಂದ 12ಕ್ಕೆ ಇಳಿಸುವ ಕನ್ವರ್ಟರ್ ಬಳಸಿ.

ವೈರಿನ ದಪ್ಪ

0.5 ಚದರ ಎಂಎಂ ತಾಮ್ರದ ವೈರು ಮೀಟರಿಗೆ ಸುಮಾರು 37 ಮಿಲಿಓಮ್, 1 ಚದರ ಎಂಎಂ ಅದರ ಅರ್ಧ. ಐದು ಮೀಟರ್ ದೂರದ ದೀಪಕ್ಕೆ ಹೋಗಿ ಬರುವ ದಾರಿ ಹತ್ತು ಮೀಟರ್. 2.4 ಆಂಪಿಯರಿನ ಸ್ಟ್ರಿಪ್ಪಿಗೆ 0.5ರ ವೈರಿನಲ್ಲಿ 0.9 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ, 1ರ ವೈರಿನಲ್ಲಿ ಅದರ ಅರ್ಧ. ಒಂದೇ ಅಳತೆ ತರುವುದಾದರೆ 1 ಚದರ ಎಂಎಂ ತನ್ನಿ, ಆಟೊ ವೈರ್ ಎಂದೇ ಕೇಳಿ. ಮನೆ ಬಳಕೆಯ ವೈರಿನ ಪಿವಿಸಿ ಎಂಜಿನ್ನಿನ ಬಿಸಿಗೂ ಡೀಸೆಲ್ ಎಣ್ಣೆಗೂ ಬೇಗ ಗಡಸಾಗಿ ಬಿರುಕು ಬಿಡುತ್ತದೆ.

ಅರ್ಥಿಗೆ ಬಣ್ಣದ ಮೇಲೆ ಸ್ಕ್ರೂ ಹೊಡೆದರೆ ಇಂದು ಹತ್ತಿ ನಾಳೆ ಮಿಟುಕುತ್ತದೆ. ಕಂಪನಿಯೇ ಅರ್ಥ್ ಕೊಟ್ಟಿರುವ ಬೋಲ್ಟು ಹುಡುಕಿ, ಬಣ್ಣ ಕೆರೆದು, ವೈರಿನ ತುದಿಗೆ ಉಂಗುರದಂಥ ರಿಂಗ್ ಲಗ್ ಹಾಕಿ ಬಿಗಿದು, ಮೇಲೆ ಗ್ರೀಸ್ ಸವರಿ. ತಗಡಿನ ತೂತಿನಲ್ಲಿ ವೈರು ಹಾಯಿಸುವಾಗ ತಗಡಿನ ಅಂಚು ವೈರನ್ನು ಕೊಯ್ಯದಂತೆ ಕಾಯುವ ರಬ್ಬರ್ ಗ್ರೋಮೆಟ್ ತಪ್ಪಿಸಬೇಡಿ.

ಸ್ವಿಚ್ಚು

ಗೂಡ್ಸ್ ಗಾಡಿಗೆ ಡ್ಯಾಶ್‌ಬೋರ್ಡಿನಲ್ಲಿ ಸೂಚಕ ದೀಪವಿರುವ ರಾಕರ್ ಸ್ವಿಚ್ಚು ಹಾಕಿ. ಹಿಂದೆ ದೀಪ ಉರಿಯುತ್ತಿರುವುದು ಚಾಲಕನಿಗೆ ಕಾಣಬೇಕು. 5 ಆಂಪಿಯರಿನೊಳಗೆ ರಿಲೇ ಬೇಕಿಲ್ಲ.

ಡಿಕ್ಕಿಗೆ ಬಾಗಿಲೊಂದಿಗೆ ಹತ್ತುವ ಸ್ವಿಚ್ಚೇ ಚೆನ್ನ. ಒತ್ತುಗುಂಡಿಯ ಪ್ಲಂಜರ್ ಸ್ವಿಚ್ಚು ಗಟ್ಟಿಮುಟ್ಟು, ಆದರೆ ತೂತು ಕೊರೆಯಬೇಕು. ಮನೆಯ ಕಳ್ಳರ ಅಲಾರಮ್ಮಿನ ಮ್ಯಾಗ್ನೆಟ್ ಸ್ವಿಚ್ಚನ್ನೂ ಬಳಸಬಹುದು, ಎರಡು ಎಚ್ಚರಿಕೆಯೊಂದಿಗೆ. ಅವುಗಳಲ್ಲಿ ಹೆಚ್ಚಿನವು ಮ್ಯಾಗ್ನೆಟ್ ಹತ್ತಿರ ಬಂದಾಗ ಕೂಡುತ್ತವೆ, ಅಂದರೆ ಬಾಗಿಲು ಮುಚ್ಚಿದಾಗ ದೀಪ ಹತ್ತುತ್ತದೆ! ಕೊಳ್ಳುವಾಗಲೇ ಮಲ್ಟಿಮೀಟರ್ ಹಿಡಿದು ನೋಡಿ, ಮ್ಯಾಗ್ನೆಟ್ ದೂರ ಸರಿದಾಗ ಬೀಪ್ ಬರಬೇಕು. ಇದನ್ನು ಐದು ಪಿನ್ನಿನ ರಿಲೇಯಿಂದ ತಿರುಗಿಸಿಕೊಳ್ಳುವ ಉಪಾಯ ಬೇಡ. ಬಾಗಿಲು ಮುಚ್ಚಿರುವಷ್ಟೂ ಹೊತ್ತು ಕಾಯಿಲು 150 ಮಿಲಿಆಂಪಿಯರ್ ಕುಡಿಯುತ್ತಿರುತ್ತದೆ, ದಿನಕ್ಕೆ ಮೂರೂವರೆ ಆಂಪಿಯರ್ ಅವರ್ (ಒಂದು ಆಂಪಿಯರ್ ಒಂದು ಗಂಟೆ ಹರಿದರೆ ಒಂದು ಆಂಪಿಯರ್ ಅವರ್). ಎರಡನೆಯದು, ಸಣ್ಣ ಮ್ಯಾಗ್ನೆಟ್ ಸ್ವಿಚ್ಚುಗಳು ಅರ್ಧ ಆಂಪಿಯರಿಗಿಂತ ಹೆಚ್ಚು ತಾಳುವುದಿಲ್ಲ, ಒಳಗಿನ ಎಲೆಗಳು ಅಂಟಿಕೊಳ್ಳುತ್ತವೆ. 4.8 ವ್ಯಾಟಿನ ಸ್ಟ್ರಿಪ್ಪು ಒಂದು ಮೀಟರಾದರೆ ಅದು 0.4 ಆಂಪಿಯರ್. ಅಲ್ಲಿಯವರೆಗೆ ಸರಿ.

ಮನುಷ್ಯರ ಮೈಶಾಖ ಹಿಡಿಯುವ ಪಿಐಆರ್ ಸೆನ್ಸರ್ ಮುಚ್ಚಿದ ಕಂಟೇನರಿಗೆ ಅನುಕೂಲ, ಎರಡೂ ಕೈಯಲ್ಲಿ ಮೂಟೆ ಇದ್ದಾಗ ತಾನಾಗಿ ಹತ್ತುತ್ತದೆ. ಆದರೆ ಅದು ನೋಡುವುದು ಮೈಗೂ ಹಿನ್ನೆಲೆಗೂ ಇರುವ ಕಾವಿನ ವ್ಯತ್ಯಾಸವನ್ನು. ರಾಯಚೂರು, ಕಲಬುರಗಿಯ ಏಪ್ರಿಲ್ ಮಧ್ಯಾಹ್ನ ತಗಡಿನ ಪೆಟ್ಟಿಗೆಯೊಳಗೆ ಹಿನ್ನೆಲೆಯೇ ಮೈಯಷ್ಟು ಬಿಸಿ ಇದ್ದಾಗ ಎದುರು ನಿಂತರೂ ಕಾಣುವುದಿಲ್ಲ. ಜೊತೆಗೊಂದು ಕೈ ಸ್ವಿಚ್ಚು ಇಟ್ಟುಕೊಳ್ಳಿ.

ಸಿಎನ್‌ಜಿ ಗಾಡಿಗಳಲ್ಲಿ ಸ್ವಿಚ್ಚನ್ನೂ ರಿಲೇಯನ್ನೂ ಸಿಲಿಂಡರಿನ ಗೂಡಿನಲ್ಲಿ ಇಡಬೇಡಿ. ಸಂಪರ್ಕ ಬಿಡುವಾಗ ಒಳಗೆ ಕಿಡಿ ಹಾರುತ್ತದೆ, ಸಣ್ಣ ಸೋರಿಕೆ ಇದ್ದರೂ ಅಪಾಯ. ಕಿಡಿ ಹಾರುವುದೆಲ್ಲ ಡ್ಯಾಶ್‌ಬೋರ್ಡಿನ ಕಡೆ ಇರಲಿ, ಹಿಂದಕ್ಕೆ ಬರೀ ವೈರು ಮತ್ತು ಮುಚ್ಚಿದ ದೀಪ ಹೋಗಲಿ.

ಅಂಟು, ನೀರು, ಏರ್‌ಬ್ಯಾಗು

ಸ್ಟ್ರಿಪ್ಪಿನ ಬೆನ್ನಿಗೆ ಬರುವ ಟೇಪು ಒಂದು ಬೇಸಿಗೆಗೂ ಬಾಳುವುದಿಲ್ಲ. ಅಲ್ಯೂಮಿನಿಯಂ ಪ್ರೊಫೈಲ್ ಎಂಬ ತೆಳು ಕಾಲುವೆ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ, ಮೇಲೆ ಹಾಲುಬಣ್ಣದ ಮುಚ್ಚಳ ಬರುತ್ತದೆ. ಸ್ಟ್ರಿಪ್ಪನ್ನು ಅದರೊಳಗೆ ಅಂಟಿಸಿ, ಪ್ರೊಫೈಲನ್ನು ಸ್ಕ್ರೂ ಹಾಕಿ ಕೂರಿಸಿ. ಶಾಖವೂ ಹೊರಹೋಗುತ್ತದೆ, ಸಾಮಾನಿನ ಪೆಟ್ಟೂ ತಪ್ಪುತ್ತದೆ. ಸ್ಕ್ರೂ ಸಾಧ್ಯವೇ ಇಲ್ಲದಲ್ಲಿ ಪ್ಲಾಸ್ಟಿಕ್ಕನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ ವಿಎಚ್‌ಬಿ ಎಂಬ ಗಟ್ಟಿ ಡಬಲ್ ಟೇಪು ಹಾಕಿ, ಒಂದು ದಿನ ಮುಟ್ಟದೆ ಬಿಡಿ. ಡ್ಯಾಶ್‌ಬೋರ್ಡಿಗೆ ಪಾಲಿಷ್ ಹಚ್ಚಿದ ಗಾಡಿಯಾದರೆ ಒಂದಕ್ಕೆ ಎರಡು ಸಲ ಒರೆಸಬೇಕು.

ನೀರು ಬೀಳುವ ಕಡೆ ನೀರು ಹೊಗದ ದರ್ಜೆಯ ಐಪಿ67 ಸ್ಟ್ರಿಪ್ಪು ತಂದು, ಕತ್ತರಿಸಿದ ತುದಿಯನ್ನು ತೆರೆದು ಬಿಡುವುದು ಮಾಮೂಲಿ ತಪ್ಪು. ನೀರು ಆ ತುದಿಯಿಂದಲೇ ಒಳಗೆ ಏರುತ್ತದೆ. ಸಿಲಿಕೋನ್ ಹಾಕಿ ಮುಚ್ಚಿ, ಆದರೆ ವಿನೆಗರ್ ವಾಸನೆ ಬರುವ ಸಿಲಿಕೋನ್ ಬೇಡ, ಅದರ ಆಮ್ಲ ತಾಮ್ರವನ್ನು ತಿನ್ನುತ್ತದೆ. ‘ನ್ಯೂಟ್ರಲ್ ಕ್ಯೂರ್’ ಎಂದು ಬರೆದ ಟ್ಯೂಬು ಕೇಳಿ.

ಕರ್ಟನ್ ಏರ್‌ಬ್ಯಾಗಿರುವ ಕಾರಿನಲ್ಲಿ ಕಂಬದ ಟ್ರಿಮ್ಮಿನೊಳಗೆ ಬ್ಯಾಗಿನ ಮುಂದೆ ವೈರು ಹಾಯಿಸಬಾರದು. ಬ್ಯಾಗು ಸಿಡಿಯುವ ದಾರಿಗೆ ಅಡ್ಡವಾಗುತ್ತದೆ. ಹಳದಿ ಸ್ಲೀವು, ಹಳದಿ ಕನೆಕ್ಟರು ಕಂಡರೆ ಏರ್‌ಬ್ಯಾಗಿನ ವೈರಿಂಗು ಎಂದು ತಿಳಿದು ಕೈ ತೆಗೆಯಿರಿ. ಬಾಗಿಲ ಹೊಸ್ತಿಲ ಪಟ್ಟಿಯ ಕೆಳಗೆ, ಕಂಪನಿಯ ವೈರುಗಳ ಜೊತೆಗೇ ಹಿಂದಕ್ಕೆ ಒಯ್ಯುವುದು ಸುರಕ್ಷಿತ. ಕೆಲಸಕ್ಕೆ ಮುನ್ನ ಬ್ಯಾಟರಿಯ ಮೈನಸ್ ಕಳಚಿಡಿ.

ರಸ್ತೆಯ ಮೇಲೆ

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 108ನೇ ನಿಯಮದಂತೆ ಗಾಡಿಯ ಮುಂದಕ್ಕೆ ಕೆಂಪು, ಹಿಂದಕ್ಕೆ ಕೆಂಪಲ್ಲದ ಬೆಳಕು ಕಾಣಬಾರದು. ಒಳದೀಪ, ನಂಬರ್ ಪ್ಲೇಟಿನ ದೀಪ, ರಿವರ್ಸ್ ದೀಪದಂಥವಕ್ಕೆ ವಿನಾಯಿತಿ ಇದೆ. ಮುಚ್ಚಿದ ಗಾಡಿಗೆ ತೊಂದರೆಯಿಲ್ಲ. ತೆರೆದ ಪಿಕಪ್ಪಿನಲ್ಲಿ ಕ್ಯಾಬಿನ್ನಿನ ಬೆನ್ನಿಗೆ ಹಾಕಿದ ಬಿಳಿ ದೀಪ ಹಿಂದೆ ಬರುವವರ ಕಣ್ಣಿಗೆ ನೇರ ಹೊಡೆಯುತ್ತದೆ. ಮಾಡ್ಯೂಲುಗಳನ್ನು ಪಕ್ಕದ ಹಲಗೆಯ ಒಳಮೇಲಂಚಿಗೆ, ಕೆಳಮುಖವಾಗಿ ಕೂರಿಸಿ, ಓಡುವಾಗ ಆರಿಸಿ. ಕ್ಯಾಬಿನ್ನಿನಲ್ಲೂ ಅಷ್ಟೆ, ರಾತ್ರಿ ಓಡಿಸುವಾಗ ಮುಂದಿನ ಗಾಜಿನಲ್ಲಿ ಪ್ರತಿಬಿಂಬಿಸುವ ಯಾವ ದೀಪವೂ ಬೇಡ.

ಯಾವ ಗಾಡಿಗೆ ಯಾವುದು

ಮನೆ ಕಾರು: ಕ್ಯಾಬಿನ್ನಿಗೆ ಎಲ್‌ಇಡಿ ಬಲ್ಬು, ಡಿಕ್ಕಿಗೆ ಪ್ರೊಫೈಲಿನೊಳಗೆ 4.8 ವ್ಯಾಟಿನ ಒಂದು ಮೀಟರ್ ಸ್ಟ್ರಿಪ್ಪು, ಫ್ಯೂಸ್ ಕವಲಿನಿಂದ, ಬಾಗಿಲ ಸ್ವಿಚ್ಚಿನೊಂದಿಗೆ. ಸಾಮಾನು ಸಾಗಿಸುವ ಓಮ್ನಿ, ಈಕೋ: ಛಾವಣಿಯ ಅಡ್ಡಪಟ್ಟಿಗಳಿಗೆ 6ರಿಂದ 8 ಮಾಡ್ಯೂಲು. ಮುಚ್ಚಿದ ಕಂಟೇನರಿನ ಗೂಡ್ಸ್ ಗಾಡಿ: 12 ಮಾಡ್ಯೂಲು, ಬ್ಯಾಟರಿಯಿಂದ ನೇರ, ರಾಕರ್ ಸ್ವಿಚ್ಚು. ತೆರೆದ ಪಿಕಪ್ಪಿಗೆ ಬದಿಗೆ ನಾಲ್ಕರಂತೆ ಎಂಟು, ಟಾರ್ಪಾಲಿನ ಹಗ್ಗ ಉಜ್ಜದ ಕಡೆ. ಲಾರಿಗೆ 10–30 ವೋಲ್ಟಿನ ರೂಫ್ ಲೈಟು ಎರಡು.

ಮುಗಿದ ಮೇಲೆ ಒಂದು ಅಳತೆ

ಸಣ್ಣ ಕಾರಿನ 35 ಆಂಪಿಯರ್ ಅವರ್ ಬ್ಯಾಟರಿಯಲ್ಲಿ ಸ್ಟಾರ್ಟಿಗೆ ಬೇಕಾದ್ದನ್ನು ಉಳಿಸಿ ಖರ್ಚು ಮಾಡಬಹುದಾದದ್ದು 14 ಎಂದಿಟ್ಟುಕೊಳ್ಳಿ. ಒಂದೂವರೆ ವ್ಯಾಟಿನ ಬಲ್ಬು ಮರೆತು ಬಿಟ್ಟರೆ ನಾಲ್ಕು ದಿನ ದಾಟುತ್ತದೆ. 14.4 ವ್ಯಾಟಿನ ಸ್ಟ್ರಿಪ್ಪು ಎರಡು ಮೀಟರ್ ಮರೆತರೆ ಆರು ಗಂಟೆ, ಬೆಳಗ್ಗೆ ಗಾಡಿ ತಳ್ಳಬೇಕು. ರಾತ್ರಿಯಿಡೀ ಲೋಡಿಂಗ್ ನಡೆಯುವ ಗಾಡಿಗೆ ಬ್ಯಾಟರಿಯ ವೋಲ್ಟೇಜ್ ಇಳಿದಾಗ ತಾನಾಗಿ ಕಡಿದುಕೊಳ್ಳುವ ಲೋ ವೋಲ್ಟೇಜ್ ಕಟ್ ಆಫ್ ಮಾಡ್ಯೂಲ್ ಸೇರಿಸಿ.

ಮರೆತದ್ದು ಕಣ್ಣಿಗೆ ಕಾಣುತ್ತದೆ, ಜಿನುಗುವುದು ಕಾಣುವುದಿಲ್ಲ. ಆದ್ದರಿಂದ ಎಲ್ಲ ಜೋಡಿಸಿ ಆದಮೇಲೆ ಬಾಗಿಲು ಮುಚ್ಚಿ, ಕೀ ತೆಗೆದು, ಬ್ಯಾಟರಿಯ ಮೈನಸ್ ಕಳಚಿ, ಮಲ್ಟಿಮೀಟರನ್ನು 10 ಆಂಪಿಯರ್ ಸ್ಥಾನದಲ್ಲಿಟ್ಟು ಟರ್ಮಿನಲ್ಲಿಗೂ ಕೇಬಲ್ಲಿಗೂ ನಡುವೆ ಸೇರಿಸಿ. ಅರ್ಧ ಗಂಟೆ ಕಾಯಿರಿ, ಹೊಸ ಕಾರಿನ ಮಾಡ್ಯೂಲುಗಳು ನಿದ್ರೆಗೆ ಜಾರಲು ಅಷ್ಟು ಹೊತ್ತು ಬೇಕು. ಮೀಟರ್ ಸೇರಿಸಿರುವಾಗ ಸ್ಟಾರ್ಟ್ ಮಾಡಬೇಡಿ, ಅದರ ಫ್ಯೂಸು ಹಾರುತ್ತದೆ. 50 ಮಿಲಿಆಂಪಿಯರಿಗಿಂತ ಕಡಿಮೆ ತೋರಿಸಿದರೆ ಸರಿ. ಹೆಚ್ಚಿದ್ದರೆ ಹೊಸ ದೀಪದ ಫ್ಯೂಸ್ ಕೀಳಿ. ಅಂಕಿ ಇಳಿದರೆ ತಪ್ಪು ನಿಮ್ಮ ಜೋಡಣೆಯಲ್ಲಿದೆ, ಸ್ವಿಚ್ಚಿನ ಬದಿಯಿಂದ ಹುಡುಕಲು ಶುರುಮಾಡಿ. ಇಳಿಯದಿದ್ದರೆ ಬ್ಯಾಟರಿಯನ್ನು ಕುಡಿಯುತ್ತಿರುವುದು ಗಾಡಿಯಲ್ಲಿ ಮೊದಲಿನಿಂದ ಇದ್ದ ಬೇರೇನೋ, ಹೆಚ್ಚಾಗಿ ಹೊರಗಿನಿಂದ ಹಾಕಿಸಿದ ಸ್ಟೀರಿಯೊ.